ಹೊಸಿಲು ದಾಟಿದ ಹೆಪ್ಪು

ಜನವರಿ 9

ಸಂಶೋಧಕಿಯವರಿಗೆ,

ನಾನು ನಿಮಗೆ ಬರೆಯುವವಳಲ್ಲ ಎಂಬುದು ನಿಮಗೂ ಗೊತ್ತು. ನೀವು ಈ ಮನೆ ಬಿಟ್ಟು ನಾಲ್ಕು ವರ್ಷವಾಯಿತು, ಒಂದು ಸಾಲು ಬರೆದಿಲ್ಲ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ಬಾಯಿ ಜಾರಿದರೆ ಹಿಡಿಯಲಾಗುವುದಿಲ್ಲ. ಕಾಗದವನ್ನಾದರೆ ಹರಿದು ಮತ್ತೆ ಬರೆಯಬಹುದು. ಹರಿದಿದ್ದೇನೆ ಕೂಡ.

ಡೈರಿಯಲ್ಲಿ ಮೊಸರು ಹೆಪ್ಪುಗಟ್ಟುತ್ತಿಲ್ಲ. ಸಂಜೆ ಹೆಪ್ಪು ಬೆರೆಸಿ ಬಿಸಿಕೋಣೆಯಲ್ಲಿ ಇಟ್ಟ ಹಾಲು ಬೆಳಿಗ್ಗೆಯೂ ಹಾಲಾಗಿಯೇ ಇರುತ್ತದೆ. ಹುಳಿ ಇಲ್ಲ, ವಾಸನೆ ಇಲ್ಲ. ಕೆಟ್ಟಿದ್ದರೆ ಕೆಟ್ಟಿತು ಎಂದು ಚೆಲ್ಲಬಹುದು. ಇದು ಕೆಟ್ಟೂ ಇಲ್ಲ. ಎರಡರಷ್ಟು ಹೆಪ್ಪು ಹಾಕಿದೆ. ಈ ಚಳಿಗಾಲಕ್ಕೆಂದು ಹಾಕಿಸಿದ ಹೊಸ ಹೀಟರಿನ ಬಿಸಿ ಏರಿಸಿದೆ. ಒಂದು ದಿನ ಗಟ್ಟಿಯಾಯಿತು, ಆಮೇಲೆ ಮತ್ತೆ ನೀರು.

ತೊಟ್ಟಿ ತೊಳೆಯುವವಳು ನೆನಪಿರಬೇಕು, ಬಾಯಿ ಮುಚ್ಚದವಳೆಂದು ಎಲ್ಲರೂ ರೇಡಿಯೊ ಎನ್ನುತ್ತಾರಲ್ಲ. ಅವಳ ಕೈ ಶುದ್ಧವಿಲ್ಲವೆಂದು ಕೆಲಸದಿಂದ ತೆಗೆದೆ. "ಅಮ್ಮಾ, ನನ್ನ ಬಾಯಿ ಗಲೀಜು ಅಂದ್ರೆ ಒಪ್ಕೋತೀನಿ, ಕೈ ಅಲ್ಲ" ಎಂದು ಪೊರಕೆ ಎಸೆದು ಹೋದಳು. ಅವಳು ಹೋದ ಮೇಲೂ ಹಾಲು ಹಾಲೇ.

ಹಾಲಿನ ಲಾರಿಯ ಡ್ರೈವರ್ ಹೇಳುತ್ತಾನೆ: "ಬ್ಯಾಕ್ಟೀರಿಯಾಗೂ ವೈರಸ್ ಬಡಿಯುತ್ತಂತೆ. ನಿಮ್ಮ ಸೊಸೆ ಅದನ್ನೇ ಓದಿರೋದಲ್ವಾ ಅಮ್ಮಾ?" ಸೊಸೆ ಎಂಬ ಮಾತನ್ನು ನಾನು ತಿದ್ದಲಿಲ್ಲ, ಕ್ಯಾನುಗಳು ಕಾಯುತ್ತಿದ್ದವು.

ಕೇಳುವುದು ಇಷ್ಟೆ. ಅವನು ಹೇಳುವುದು ನಿಜವೇ? ನಿಜವಾದರೆ ಹೆಪ್ಪನ್ನು ಉಳಿಸುವುದು ಹೇಗೆ? ಬೇರೆ ಹೆಪ್ಪು ತನ್ನಿ ಎಂದು ಬರೆಯಬೇಡಿ. ಅಂಗಡಿಯಲ್ಲಿ ಪುಡಿ ಸಿಗುತ್ತದೆಂದು ನನಗೂ ಗೊತ್ತು. ನನಗೆ ಬೇಕಾದದ್ದು ಇದೇ. ಕಾರಣ ಬರೆಯುವುದಿಲ್ಲ.

ಡೈರಿಯ ಯಜಮಾನಿ


ಜನವರಿ 17

ಅತ್ತೆಯವರಿಗೆ,

ನಿಮ್ಮ ಅಕ್ಷರ ನೋಡಿ ಲಕೋಟೆ ಒಡೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಡ್ರೈವರ್ ಹೇಳಿದ್ದು ನಿಜವಿರಬಹುದು. ನೋಡದೆ ಹೇಳಲಾರೆ. ಕುದಿಸಿ ಒಣಗಿಸಿದ ಸಣ್ಣ ಸೀಸೆಗಳಲ್ಲಿ ಈ ದಿನದ ಹೆಪ್ಪು, ಗಟ್ಟಿಯಾಗದ ಹಾಲು, ತೊಟ್ಟಿಯ ತಳದ ನೀರು, ಇವನ್ನು ಐಸಿನಲ್ಲಿಟ್ಟು ಅದೇ ಲಾರಿಯಲ್ಲಿ ಕಳಿಸಿ. ಅಲ್ಲಿಯವರೆಗೆ ಹೆಚ್ಚು ಹೆಪ್ಪು ಹಾಕಬೇಡಿ. ವೈರಸ್ಸೇ ಆಗಿದ್ದರೆ ಅದು ಬೆಂಕಿಗೆ ಕಟ್ಟಿಗೆ ಹಾಕಿದಂತೆ. ಹೀಟರಿನ ಬಿಸಿಯನ್ನೂ ಇಳಿಸಿ.

ಕಾರಣ ನೀವು ಬರೆಯದಿದ್ದರೂ ನನಗೆ ತಿಳಿಯುತ್ತದೆ. ಈ ಹೆಪ್ಪನ್ನು ದಿನದಿಂದ ದಿನಕ್ಕೆ ಉಳಿಸಿಕೊಂಡು ಬಂದಿದ್ದೀರಿ, ಮೊದಲಿಗೆ ಹಾಕಿದವರು ಅವರು, ನಿಮ್ಮ ಮಗ.

ನಿಮ್ಮ ಮೊಮ್ಮಗಳು ಗುಬ್ಬಿಗೆ ಐದು ತುಂಬಿತು. ಮುಂದಿನ ಹಲ್ಲು ಅಲುಗಾಡುತ್ತಿದೆ.

ಸಂಬಂಧವಿಲ್ಲದ ಒಂದು ಮಾತು. ನಿಮ್ಮ ಅಣ್ಣಂದಿರಿಬ್ಬರು ಯಾವ ವಯಸ್ಸಿನಲ್ಲಿ, ಯಾವ ಕಾಯಿಲೆಯಿಂದ ತೀರಿಕೊಂಡರೆಂದು ನೆನಪಿದೆಯೇ? ಸುಮ್ಮನೆ ಕೇಳಿದೆ.

ನಿಮ್ಮ ಸೊಸೆ


ಜನವರಿ 24

ಸಂಶೋಧಕಿಯವರಿಗೆ,

ಸೀಸೆಗಳನ್ನು ಕಳಿಸಿದ್ದೇನೆ. ಮುಚ್ಚಳಕ್ಕೆ ಬಟ್ಟೆ ಕಟ್ಟಿದವಳು ನಾನೇ, ಆದ್ದರಿಂದ ಸೋರುವುದಿಲ್ಲ.

ಸುಮ್ಮನೆ ಯಾರೂ ಏನನ್ನೂ ಕೇಳುವುದಿಲ್ಲ. ನನ್ನ ತವರಿನ ಮನೆ ಮಾರಾಟಕ್ಕಿದೆ ಎಂದು ಯಾರೋ ನಿಮ್ಮ ಕಿವಿಗೆ ಹಾಕಿರಬೇಕು. ಅಣ್ಣಂದಿರು ಯಾವಾಗ ಸತ್ತರು, ಪಾಲು ಯಾರಿಗೆ ಹೋಯಿತು, ಅಲ್ಲವೇ? ಉಂಡ ಮನೆಯ ಜಂತೆ ಎಣಿಸುವವರನ್ನು ನಾನು ಕಂಡಿದ್ದೇನೆ. ಅದರಲ್ಲಿ ನಿಮಗೆ ಪಾಲಿಲ್ಲ.

ವೈರಸ್ ಎಂಬ ಮಾತು ಓದಿ ನಗು ಬಂತು. ಅಂದು ನಾನು ಹೇಳಿದ್ದೂ ಅದನ್ನೇ. ನೀವು ದಿನವಿಡೀ ವೈರಸ್ ಬೆಳೆಸುವ ಕೋಣೆಯಲ್ಲಿದ್ದು ಅದೇ ಬಟ್ಟೆಯಲ್ಲಿ ನನ್ನ ಅಡುಗೆಮನೆಗೆ ಬರುತ್ತಿದ್ದಿರಿ. ನನ್ನ ಮಗನಿಗೆ ಜ್ವರ ಬಂತು, ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಮೂವತ್ತಮೂರು ವರ್ಷದ ಗಟ್ಟಿ ಆಳು ಬರೀ ಜ್ವರಕ್ಕೆ ಸಾಯುತ್ತಾನೆಯೇ? ಮಗನನ್ನು ತಿಂದದ್ದೇ ಈಗ ಹೆಪ್ಪನ್ನೂ ತಿನ್ನುತ್ತಿದೆಯೋ ಏನೋ.

ಅದು ಒಳಗೆ ಹೋಗಿ ಮಾಡುವುದಾದರೂ ಏನು? ಹೈಸ್ಕೂಲು ಓದಿದವಳಿಗೆ ಅರ್ಥವಾಗುವ ಹಾಗೆ ಬರೆಯಿರಿ. ನಿಮ್ಮ ಪುಸ್ತಕದ ಮಾತು ಬೇಡ.

ಡೈರಿಯ ಯಜಮಾನಿ


ಫೆಬ್ರವರಿ 6

ಅತ್ತೆಯವರಿಗೆ,

ಸೀಸೆಗಳು ಬಂದವು. ಒಂದೂ ಸೋರಿರಲಿಲ್ಲ. ಗಟ್ಟಿಯಾಗದ ಹಾಲಿನಲ್ಲಿ ವೈರಸ್ ಇದೆ, ತುಂಬಾ ಇದೆ. ಎಲ್ಲಿಂದ ಬಂತೆಂದು ಇನ್ನೂ ನೋಡುತ್ತಿದ್ದೇನೆ.

ಮೊದಲು ಒಂದು ಮಾತು. ಈ ವೈರಸ್‌ಗಳು ಬ್ಯಾಕ್ಟೀರಿಯಾದ ಗೋಡೆಯನ್ನು ಮಾತ್ರ ಗುರುತು ಹಿಡಿಯುತ್ತವೆ. ಮನುಷ್ಯನ ದೇಹ ಅವುಗಳ ಪಾಲಿಗೆ ಬರೀ ಕಲ್ಲು. ನಾನು ಕೆಲಸ ಮಾಡುತ್ತಿದ್ದದ್ದು ಇವುಗಳ ಮೇಲೆಯೇ. ಆ ದಿನವೂ ಹೇಳಲು ನೋಡಿದೆ. ನಿಮಗೆ ಕೇಳುವ ಶಕ್ತಿ ಇರಲಿಲ್ಲ, ನನಗೆ ಹೇಳುವ ಶಕ್ತಿ ಇರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಪ್ರತಿ ಬ್ಯಾಕ್ಟೀರಿಯಾದ ಒಳಗೂ ಒಂದು ಉದ್ದನೆಯ ಬರಹ ಇರುತ್ತದೆ. ಹಾಲಿನ ಸಕ್ಕರೆ ತಿನ್ನುವುದು ಹೇಗೆ, ಹುಳಿ ಮಾಡುವುದು ಹೇಗೆ, ಗೋಡೆ ಕಟ್ಟುವುದು ಹೇಗೆ, ಎಲ್ಲ ಅದರಲ್ಲಿದೆ. ಆದರೆ ಆ ಬರಹ ತಾನಾಗಿ ಏನೂ ಮಾಡದು. ಅದನ್ನು ಓದಿ ನಕಲು ತೆಗೆಯುವವನೊಬ್ಬ ಇದ್ದಾನೆ. ಅವನು ಯಾವ ಪುಟದ ನಕಲು ತೆಗೆದನೋ ಆ ಕೆಲಸ ಮಾತ್ರ ನಡೆಯುತ್ತದೆ. ಈ ನಕಲುಗಾರನಿಗೆ ಎಲ್ಲಿಂದ ಓದಬೇಕೆಂದು ಗೊತ್ತಾಗುವುದಿಲ್ಲ. ಅವನ ಭುಜದ ಮೇಲೆ ಕೈಯಿಟ್ಟು 'ಇಲ್ಲಿಂದ ಶುರು ಮಾಡು' ಎಂದು ತೋರಿಸುವ ಸಣ್ಣ ಜೊತೆಗಾರನೊಬ್ಬ ಬೇಕು.

ವೈರಸ್ ಹೊರಗೆ ಅಂಟಿಕೊಂಡು ತನ್ನ ಬರಹವನ್ನು ಒಳಕ್ಕೆ ತಳ್ಳುತ್ತದೆ. ಕೆಲವು ವೈರಸ್‌ಗಳು ಮೊದಲು ಮಾಡಿಸಿಕೊಳ್ಳುವುದು ಒಂದು ಪುಟ್ಟ ವಸ್ತುವನ್ನು. ಅದು ಹೋಗಿ ಆ ಜೊತೆಗಾರನನ್ನು ಹಿಡಿದು ಮುಖ ತಿರುಗಿಸುತ್ತದೆ. ಅಲ್ಲಿಂದ ಮುಂದೆ ಅವನು ತೋರಿಸುವುದೆಲ್ಲ ವೈರಸ್ಸಿನ ಪುಟಗಳನ್ನೇ. ಇನ್ನು ಕೆಲವು ತಮ್ಮದೇ ನಕಲುಗಾರನನ್ನು ಮಾಡಿಸಿಕೊಂಡು, ಮನೆಯ ನಕಲುಗಾರನ ಕೈ ಕಟ್ಟಿಹಾಕುತ್ತವೆ. ಹೇಗಾದರೂ ಸರಿ, ಬ್ಯಾಕ್ಟೀರಿಯಾ ಆಗಲೇ ಸಾಯುವುದಿಲ್ಲ. ಗೋಡೆ ಹಾಗೆಯೇ ಇರುತ್ತದೆ, ಉಣ್ಣುತ್ತಲೂ ಇರುತ್ತದೆ. ಆದರೆ ಉಂಡದ್ದೆಲ್ಲ ಹೋಗುವುದು ವೈರಸ್ಸಿಗೆ. ಕೊನೆಗೆ ಗೋಡೆ ಒಡೆದು ನೂರಾರು ಹೊಸ ವೈರಸ್‌ಗಳು ಹೊರಗೆ ಬರುತ್ತವೆ. ಹುಳಿ ಮಾಡಲು ಯಾರೂ ಉಳಿಯುವುದಿಲ್ಲ, ಆದ್ದರಿಂದ ಹಾಲು ಹಾಲಾಗಿಯೇ ಇರುತ್ತದೆ.

ಅರ್ಥವಾಗದಿದ್ದರೆ ಬೈದು ಬರೆಯಿರಿ, ಮತ್ತೆ ಬರೆಯುತ್ತೇನೆ.

ನಿಮ್ಮ ಸೊಸೆ


ಫೆಬ್ರವರಿ 14

ಸಂಶೋಧಕಿಯವರಿಗೆ,

ಚೆನ್ನಾಗಿ ಅರ್ಥವಾಯಿತು. ಹೊರಗಿನಿಂದ ಬರುವುದು, ಒಂದು ಪಾತ್ರೆಯನ್ನೂ ಒಡೆಯದೆ ಮನೆಯವನ ಭುಜ ಹಿಡಿದು ಮುಖ ತಿರುಗಿಸುವುದು. ಓದುವಾಗ ಯಾರ ನೆನಪಾಯಿತೆಂದು ಬರೆಯಬೇಕೇ?

ನೀವು ಬಂದ ವರ್ಷದೊಳಗೆ ನನ್ನ ಮಗ ಕ್ಯಾನು ಎತ್ತುವುದನ್ನು ಬಿಟ್ಟ. ಬಿಸಿಕೋಣೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಸ್ವಲ್ಪ ಮೈ ಬಿಸಿಯಾದರೆ ಸಾಕು, ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಕೂರುತ್ತಿದ್ದ. ನಾನು ಕೇಳಿದೆ, "ಏನೋ ಇದು, ಬಾಣಂತಿ ಥರ?" ಅವನು ನಕ್ಕು, "ನಿನ್ನ ಸೊಸೆ ಬಿಡಲ್ಲಮ್ಮ" ಎಂದ. ಅದೇ ಮಗ, ಅದೇ ಕೈ. ಓದುತ್ತಿದ್ದ ಪುಟ ಮಾತ್ರ ಬೇರೆಯವರದು.

ಒಂದು ವಿಷಯ ನೀವು ಸರಿಯಾಗಿ ಊಹಿಸಿದ್ದೀರಿ. ಹೋಗುವ ಹಿಂದಿನ ಸಂಜೆ, ಜ್ವರ ಏರುವ ಮುನ್ನ, ಅವನೇ ಹೆಪ್ಪು ಹಾಕಿದ್ದ. ಬೆಳಿಗ್ಗೆ ಅವನು ಏಳಲಿಲ್ಲ, ಮೊಸರು ಗಟ್ಟಿಯಾಗಿತ್ತು. ಅದರಿಂದ ಒಂದು ಸೌಟು ತೆಗೆದಿಟ್ಟೆ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ನನಗೆ ಕಾಲು ಮುರಿದಾಗ ಕುರ್ಚಿಯಲ್ಲಿ ಕೂತೇ ಹಾಕಿದೆ. ಜನ ಫೋಟೊ ಇಟ್ಟುಕೊಳ್ಳುತ್ತಾರೆ. ನನ್ನ ಹತ್ತಿರ ದಿನಾ ಬೆಳಿಗ್ಗೆ ಜೀವ ಇರುವ ವಸ್ತು ಇತ್ತು.

ಈಗ ಇಡೀ ತೊಟ್ಟಿಯಲ್ಲಿ ಒಂದು ಬಟ್ಟಲಷ್ಟು ಗಟ್ಟಿಯಾದರೆ ಹೆಚ್ಚು. ಬೇಗ ಹೇಳಿ.

ಡೈರಿಯ ಯಜಮಾನಿ


ಮಾರ್ಚ್ 3

ಅತ್ತೆಯವರಿಗೆ,

ಮೊದಲು ಒಂದು ಕಳ್ಳತನ ಒಪ್ಪಿಕೊಳ್ಳುತ್ತೇನೆ. ನಮ್ಮ ಡೈರಿಯ ಹೆಪ್ಪು ಹೊಸಿಲು ದಾಟಬಾರದೆಂಬುದು ನಿಮ್ಮ ನಿಯಮ. ಮನೆ ಬಿಟ್ಟ ದಿನ ಗುಬ್ಬಿಯ ಹಾಲಿನ ಬಾಟಲಿಯಲ್ಲಿ ನಾನು ಎರಡು ಚಮಚ ಹೆಪ್ಪು ತಂದೆ. ನನಗೂ ಅವರ ಕೈಯದು ಏನಾದರೂ ಬೇಕಿತ್ತು. ನಾಲ್ಕು ವರ್ಷದಿಂದ ಅದು ಇಲ್ಲಿನ ಫ್ರೀಜರಿನಲ್ಲಿ ಕಲ್ಲಾಗಿ ಮಲಗಿದೆ.

ನಿಮ್ಮ ಪತ್ರ ಬಂದ ಮೇಲೆ ಅದರಲ್ಲಿ ಸ್ವಲ್ಪ ಕರಗಿಸಿದೆ. ಹಾಲಿಗೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರು. ಅದೇ ವಾಸನೆ. ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ನಿಮ್ಮ ಹೆಪ್ಪು ಉಳಿಯಿತು ಎಂದು ಬರೆಯಲು ಕೂತಿದ್ದೆ ಕೂಡ. ಆದರೆ ಪರೀಕ್ಷೆ ಮಾಡದೆ ಕಳಿಸಬಾರದಲ್ಲ. ಮಾಡಿದೆ.

ಅದರಲ್ಲೂ ಇದೆ, ಅತ್ತೆ. ಅದೇ ವೈರಸ್. ಮಲಗಿದೆ.

ಹಿಂದಿನ ಪತ್ರದಲ್ಲಿ ಒಂದು ಬಗೆಯನ್ನು ಬರೆದಿರಲಿಲ್ಲ. ಕೆಲವು ವೈರಸ್‌ಗಳು ಒಳಗೆ ಹೋದ ಮೇಲೆ ದಾಂಧಲೆ ಮಾಡುವುದಿಲ್ಲ. ತಮ್ಮ ಬರಹವನ್ನು ಬ್ಯಾಕ್ಟೀರಿಯಾದ ಬರಹದ ನಡುವೆ ಸೇರಿಸಿ ಸುಮ್ಮನಾಗುತ್ತವೆ. ಆ ಪುಟಗಳ ಬಾಗಿಲಲ್ಲಿ ಒಬ್ಬ ಕಾವಲುಗಾರ ಕೂರುತ್ತಾನೆ, ನಕಲುಗಾರನನ್ನು ಅತ್ತ ಬಿಡುವುದಿಲ್ಲ. ಬ್ಯಾಕ್ಟೀರಿಯಾ ತನ್ನ ಕೆಲಸ ಮಾಡಿಕೊಂಡು ಹೋಗುತ್ತದೆ. ಅದು ಎರಡಾದರೆ ಬರಹವೂ ಎರಡು, ಹುದುಗಿದ್ದೂ ಎರಡು. ಹೀಗೆ ತಲೆಮಾರುಗಟ್ಟಲೆ ಯಾರಿಗೂ ತಿಳಿಯದೆ ಸಾಗಬಹುದು. ಏನಾದರೂ ಆಪತ್ತು ಬಂದಾಗ, ಬಿಸಿ ಮಿತಿ ಮೀರಿದಾಗ, ಕಾವಲುಗಾರ ಕುಸಿಯುತ್ತಾನೆ. ಮುಚ್ಚಿದ್ದ ಪುಟಗಳು ತೆರೆಯುತ್ತವೆ.

ನಿಮ್ಮ ಹೆಪ್ಪಿನಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾ ಕೂಡಿ ದುಡಿಯುತ್ತವೆ. ಒಂದರೊಳಗೆ ಮಲಗಿದ್ದದ್ದು ಎದ್ದು ಇನ್ನೊಂದರ ಮೇಲೆ ಬಿದ್ದಿದೆ. ಬಹುಶಃ ಹೊಸ ಹೀಟರಿನ ಬಿಸಿಗೆ ಎದ್ದಿರಬೇಕು. ಹೊರಗಿನಿಂದ ಯಾರೂ ತಂದದ್ದಲ್ಲ. ರೇಡಿಯೊ ತಂದದ್ದಲ್ಲ.

ಅಣ್ಣಂದಿರ ವಿಷಯ ಆಸ್ತಿಗಾಗಿ ಕೇಳಿದ್ದಲ್ಲ. ಇನ್ನು ಕೇಳುವುದಿಲ್ಲ.

ನಿಮ್ಮ ಸೊಸೆ


ಮಾರ್ಚ್ 10

ಕಳ್ಳಿ,

ರೇಡಿಯೊಳ ಮನೆಗೆ ನಾನೇ ಹೋಗಿದ್ದೆ. ಬಾಗಿಲಲ್ಲೇ ನಿಂತು, "ನಿನ್ನ ಕೈಯಲ್ಲಿ ದೋಷ ಇಲ್ಲವಂತೆ, ನಾಳೆ ಬಾ" ಎಂದೆ. "ಯಾರು ಹೇಳಿದ್ರು?" "ನನ್ನ ಸೊಸೆ." "ಹಂಗಾದ್ರೆ ಬರ್ತೀನಿ. ನೀವು ಹೇಳಿದ್ರೆ ಬರ್ತಿರ್ಲಿಲ್ಲ" ಎಂದಳು. ಬಂದಿದ್ದಾಳೆ. ಬೆಳಗಿನಿಂದ ಬಾಯಿ ಮುಚ್ಚಿಲ್ಲ.

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಹೆಪ್ಪಿನ ಸಲುವಾಗಿ ಓದಲು ಕೂತವಳು ಬೇರೆಲ್ಲೋ ಹೋದೆ. ಒಳಗೇ ಮಲಗಿರುತ್ತದೆ. ಬಿಸಿ ಏರಿದರೆ ಏಳುತ್ತದೆ. ಯಾರೂ ತಂದದ್ದಲ್ಲ. ಇದನ್ನು ಬರೆದ ಮೇಲೆ, ಒಂದು ಸಾಲೂ ಬಿಡದೆ, ನನ್ನ ಅಣ್ಣಂದಿರ ಮಾತು.

ದೊಡ್ಡಣ್ಣನಿಗೆ ಜ್ವರ ಬಂದಿತ್ತು, ಮಲಗಿದವನು ಏಳಲಿಲ್ಲ. ಚಿಕ್ಕಣ್ಣನಿಗೂ ಜ್ವರ. ನನ್ನ ಮಗನಿಗೂ. ಇಷ್ಟು ವರ್ಷ ಮೂರು ಬೇರೆ ಬೇರೆ ಸಾವು ಎಂದುಕೊಂಡಿದ್ದೆ.

ಹೌದು ಅಥವಾ ಅಲ್ಲ ಎಂದು ಬರೆ. ನನ್ನ ಮಗನ ಒಳಗೂ ಮಲಗಿದ್ದದ್ದು ಏನಾದರೂ ಇತ್ತೇ? ಅದು ನನ್ನ ಕಡೆಯಿಂದ ಬಂದದ್ದೇ? ಅವನಿಗೆ ಗೊತ್ತಿತ್ತೇ?


ಮಾರ್ಚ್ 16

ಅತ್ತೆಯವರಿಗೆ,

ತೊಟ್ಟಿ, ಸೌಟು, ಕೊಳವೆ ಎಲ್ಲವನ್ನೂ ಕುದಿಯುವ ನೀರಿನಲ್ಲಿ ತೊಳೆದು ಆಮೇಲೆ ಕ್ಲೋರಿನ್ ನೀರಿನಲ್ಲಿ ನೆನೆಸಿಡಿ. ಗೋಡೆಗಳನ್ನೂ ಒರೆಸಿ. ಎರಡು ಬೇರೆ ಬೇರೆ ಪುಡಿ ಹೆಪ್ಪುಗಳನ್ನು ಒಂದು ವಾರ ಅದು, ಒಂದು ವಾರ ಇದು ಎಂದು ಬದಲಾಯಿಸಿ ಬಳಸಿ. ಹಳೆಯ ಹೆಪ್ಪಿನ ಒಂದು ಹನಿಯೂ ಡೈರಿಯಲ್ಲಿ ಇರಬಾರದು. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ.

ನಿಮ್ಮ ಪ್ರಶ್ನೆ ಓದಿದೆ. ಅದಕ್ಕೆ ಉತ್ತರ ಕೊಡುವುದಿಲ್ಲವೆಂದು ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ಅವರು ಈಗ ಇಲ್ಲ, ಆದ್ದರಿಂದ ಬಿಡಿಸಿಕೊಳ್ಳಲೂ ಆಗುವುದಿಲ್ಲ.

ನಿಮ್ಮ ಸೊಸೆ


ಮಾರ್ಚ್ 21

ಸೊಸೆಗೆ,

ಉತ್ತರ ಬಂತು. ನೀನು ಮಾತು ಮುರಿದಿಲ್ಲ. ನಾನಾಗಿಯೇ ತಿಳಿದುಕೊಂಡದ್ದು. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಅವನ ಮುಂದೆಯೂ.

ಇನ್ನೊಂದೂ ತಿಳಿಯಿತು. ನೀನು ಕೇಳಿದ್ದು ನಿನಗಾಗಿ ಅಲ್ಲ, ಗುಬ್ಬಿಗಾಗಿ. ಡಾಕ್ಟರು ಕೇಳಿರಬೇಕು. ನಾನು ಜಂತೆ ಎಣಿಸುತ್ತೀ ಎಂದೆ. ಈಗ ಬರೆದುಕೋ, ಡಾಕ್ಟರಿಗೆ ಹಾಗೆಯೇ ಓದಿ ಹೇಳು.

ದೊಡ್ಡಣ್ಣ ಬಡಗಿ. ಇಪ್ಪತ್ತೊಂಬತ್ತು ವಯಸ್ಸು. ಗಂಟಲು ನೋವು, ಜ್ವರ. ಅರ್ಧ ಮಾಡಿದ ಮೇಜು ಬಿಟ್ಟು ಒಳಗೆ ಬಂದು ಮಲಗಿದ. ಅತ್ತಿಗೆ ಗಂಜಿ ತಂದು ಕರೆದಾಗ ಮಾತಿಲ್ಲ. ಎದೆನೋವು ಎಂದು ಹೇಳಿರಲಿಲ್ಲ. ಅದಕ್ಕೆ ಹಿಂದೆ ಒಮ್ಮೆ ಜ್ವರದಲ್ಲಿ ತಲೆ ತಿರುಗಿ ಬಿದ್ದಿದ್ದ. ಉಪವಾಸ ಮಲಗಿದ್ದಕ್ಕೆ ಎಂದುಕೊಂಡೆವು.

ಚಿಕ್ಕಣ್ಣ ಮೇಷ್ಟ್ರು. ಮೂವತ್ತಾರು. ಅವನಿಗೂ ಜ್ವರ, ನಿದ್ದೆಯಲ್ಲೇ. ಗೊರಕೆಯಂಥ ಸದ್ದು ಕೇಳಿಸಿತೆಂದು ಪಕ್ಕದಲ್ಲಿದ್ದವರು ಹೇಳಿದರು. ಗೊರಕೆ ಎಂದು ಎಬ್ಬಿಸಲಿಲ್ಲ.

ನಮ್ಮ ಸೋದರಮಾವ ಒಬ್ಬರು ಮದುವೆಗೆ ಮುಂಚೆಯೇ ಹೀಗೆ ಹೋದರೆಂದು ಅಮ್ಮ ಹೇಳುತ್ತಿದ್ದಳು. ಹೆಂಗಸರಲ್ಲಿ ಯಾರಿಗೂ ಆದದ್ದು ನನಗೆ ಗೊತ್ತಿಲ್ಲ. ಅಮ್ಮ ಎಂಬತ್ತರವರೆಗೆ ಬದುಕಿದಳು. ನಾನೂ ಬದುಕಿದ್ದೇನೆ.

ಗುಬ್ಬಿಯನ್ನು ತೋರಿಸಿದೆಯಾ? ಏನೆಂದರು? ಈ ಸಲ 'ಸುಮ್ಮನೆ' ಎನ್ನಬೇಡ.

ಅತ್ತೆ


ಏಪ್ರಿಲ್ 18

ಅತ್ತೆ,

ನಿಮ್ಮ ಪತ್ರವನ್ನು ಡಾಕ್ಟರಿಗೆ ಹಾಗೆಯೇ ಓದಿ ಹೇಳಿದೆ. ಇಷ್ಟು ಸ್ಪಷ್ಟವಾಗಿ ಯಾರೂ ಹೇಳುವುದಿಲ್ಲ ಎಂದರು. ರಕ್ತ ತೆಗೆದುಕೊಂಡರು. ಫಲಿತಾಂಶ ನಿನ್ನೆ ಬಂತು.

ಗುಬ್ಬಿಗೂ ಇದೆ.

ಅದು ಹೃದಯದ ಬಡಿತದ ದೋಷ. ಇದು ವೈರಸ್ ಅಲ್ಲ, ಬರಹದಲ್ಲೇ ಒಂದು ಅಕ್ಷರ ಬೇರೆಯಾಗಿದೆ, ಅಷ್ಟೆ. ಎಷ್ಟೋ ಜನರಲ್ಲಿ ಕೊನೆಯವರೆಗೂ ಸುಮ್ಮನಿರುತ್ತದೆ, ನಿಮ್ಮಲ್ಲಿ ಇದ್ದ ಹಾಗೆ. ಜ್ವರ ಕೆಣಕುತ್ತದೆ. ಜ್ವರ ಬಂದರೆ ಕೂಡಲೇ ಇಳಿಸಬೇಕು, ಹತ್ತಿರ ಕೂತು ನೋಡುತ್ತಿರಬೇಕು, ಏರಿದರೆ ಆಸ್ಪತ್ರೆಗೆ ಓಡಬೇಕು. ದೊಡ್ಡವಳಾದ ಮೇಲೆ ಎದೆಯಲ್ಲಿ ಸಣ್ಣ ಯಂತ್ರ ಇಡುವ ಮಾತು ಬರಬಹುದು ಎಂದರು. ನೀವೂ ಒಮ್ಮೆ ಹೃದಯ ತೋರಿಸಿಕೊಳ್ಳಬೇಕಂತೆ.

ನೀವೇ ತಿಳಿದುಕೊಂಡ ಮೇಲೆ ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ. ಮದುವೆಯಾದ ವರ್ಷ ಅವರಿಗೆ ಜ್ವರದಲ್ಲಿ ಒಮ್ಮೆ ಕಣ್ಣು ಕತ್ತಲಿಟ್ಟಿತ್ತು. ನಾನೇ ಎಳೆದುಕೊಂಡು ಹೋಗಿ ತೋರಿಸಿದೆ. ಯಂತ್ರ ಹಾಕಿಸಿಕೊಳ್ಳಿ ಎಂದರೆ, ಎದೆಯ ಮೇಲಿನ ಗಾಯ ಅಮ್ಮನಿಗೆ ಕಾಣುತ್ತದೆ ಎಂದು ಮುಂದೂಡುತ್ತಾ ಹೋದರು. ಅಮ್ಮನಿಗೆ ಹೇಳೋಣ ಎಂದು ನಾನು ಜಗಳವಾಡಿದೆ. ಅವರು ಹೇಳಿದ್ದು ಇಷ್ಟು: "ಬೇಡ. ತಾನೇ ಕೊಟ್ಟೆ ಅಂತ ಕೊರಗ್ತಾಳೆ. ನಾಳೆ ನಂಗೇನಾದ್ರೂ ಆದ್ರೆ ನಿನ್ನ ಮೇಲೆ ಕೂಗಾಡ್ತಾಳೆ. ಕೂಗಾಡ್ಲಿ ಬಿಡು. ಅಮ್ಮಂಗೆ ಕೂಗಾಡೋಕೆ ಬರುತ್ತೆ, ಕೊರಗೋಕೆ ಬರಲ್ಲ."

ನೀವು ಕೂಗಾಡಿದ ದಿನ ಅದಕ್ಕೇ ಈ ಕಾರಣವನ್ನು ಬಾಯಿಬಿಡಲಿಲ್ಲ. ಆಮೇಲೆ ಅಲ್ಲಿ ಇರಲಾಗಲಿಲ್ಲ.

ಕಳೆದ ವಾರ ಗುಬ್ಬಿಗೆ ನೆಗಡಿಯಾಗಿತ್ತು. ಬೆಳಗಿನವರೆಗೆ ಅವಳ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿದ್ದೆ. ಮಾರನೆಯ ದಿನ ಕೆಲಸದಲ್ಲಿ ನಿಂತಲ್ಲೇ ನಿದ್ದೆ ಬಂದು ಒಂದು ಗಾಜು ಒಡೆದೆ. ನನ್ನ ಜೀವನದಲ್ಲಿ ನಾನು ಒಡೆದ ಮೊದಲ ಗಾಜು.

ನಿಮ್ಮ ಸೊಸೆ


ಏಪ್ರಿಲ್ 23

ಸೊಸೆಗೆ,

ಹೆಪ್ಪನ್ನು ಕುದಿಸಿದೆ. ರೇಡಿಯೊ ತಾನು ಮಾಡುತ್ತೇನೆಂದಳು, ಬಿಡಲಿಲ್ಲ. ಒಂದು ಬಟ್ಟಲಷ್ಟು ಇತ್ತು. ಮೊದಲು ಒಂದು ಚಮಚ ತಿಂದೆ. ಆಮೇಲೆ ಒಲೆಯ ಮೇಲಿಟ್ಟೆ. ಒಡೆದು ನೀರು ಬೇರೆ, ಗಸಿ ಬೇರೆ ಆಗುವವರೆಗೆ ನಿಂತು ನೋಡಿದೆ. ಅಷ್ಟು ಹೊತ್ತೂ ರೇಡಿಯೊ ಒಂದು ಮಾತೂ ಆಡಲಿಲ್ಲ. ಅವಳು ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪುಡಿ ಹೆಪ್ಪಿನ ಮೊಸರು ಗಟ್ಟಿಯಾಗಿಯೇ ಬರುತ್ತಿದೆ. ಕೊಳ್ಳುವವರು ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಒಬ್ಬರಾದರೂ ಬಂದು ಕೇಳುತ್ತಾರೆ ಎಂದು ವಾರವೆಲ್ಲ ಬಾಗಿಲು ನೋಡುತ್ತಿದ್ದೆ.

ನಿನ್ನ ಫ್ರೀಜರಿನಲ್ಲಿ ಇರುವುದನ್ನು ಚೆಲ್ಲಬೇಡ. ಅಲ್ಲೇ ತಣ್ಣಗೆ ಮಲಗಿರಲಿ. ಹೊಸಿಲು ದಾಟಿದ್ದಕ್ಕೆ ಉಳಿಯಿತು. ಇದಕ್ಕಿಂತ ಹೆಚ್ಚು ಆ ವಿಷಯದಲ್ಲಿ ನಾನು ಬರೆಯಲಾರೆ, ಕೇಳಬೇಡ.

ನಾನು ಕೊರಗಲಾರೆ ಎಂದನಂತೆ. ಕೊರಗಲು ನನಗೂ ಬರುತ್ತದೆ. ಅವನ ಅಪ್ಪ ಹೋದಾಗ ಅವನಿಗೆ ಏಳು ವರ್ಷ. ಮಗು ಹೆದರಬಾರದು ಎಂದು ಎದುರಿಗೆ ತೋರಿಸಲಿಲ್ಲ. ತೋರಿಸಿದ್ದರೆ ಹೇಳುತ್ತಿದ್ದನೋ ಏನೋ.

ಡೈರಿಯ ಬೀಗದ ಕೈ ರೇಡಿಯೊಗೆ ಕೊಟ್ಟಿದ್ದೇನೆ. ಶನಿವಾರ ಮೊದಲ ಬಸ್ಸಿಗೆ ಹೊರಡುತ್ತೇನೆ. ಅವನ ಮೇಜಿನಲ್ಲಿದ್ದ ಥರ್ಮಾಮೀಟರ್ ತರುತ್ತಿದ್ದೇನೆ, ನೀನು ಬಟ್ಟೆ ಸುತ್ತಿ ಇಟ್ಟಿದ್ದು ಹಾಗೆಯೇ ಇದೆ. ನೋಡಲು ಬರುತ್ತೇನೆಂದು ಎರಡು ದಿನಕ್ಕೆ ಅಡುಗೆ ಮಾಡಬೇಡ. ಉಳಿಯಲು ಬರುತ್ತಿದ್ದೇನೆ. ಬೇಡ ಎನ್ನುವುದಾದರೆ ಬಸ್ ನಿಲ್ದಾಣದಲ್ಲಿ ಮುಖ ನೋಡಿ ಹೇಳು, ಕಾಗದದಲ್ಲಿ ಬೇಡ.

ಬಾಗಿಲಲ್ಲಿ ಕೂತ ಕಾವಲುಗಾರ ಕುಸಿದ ಎಂದು ಬರೆದಿದ್ದೆಯಲ್ಲ. ಒಬ್ಬನೇ ಕೂತರೆ ಯಾರಾದರೂ ಕುಸಿಯುತ್ತಾರೆ. ಹಾಲು ಗಟ್ಟಿಯಾಗುವುದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು ನಾನು, ಎಚ್ಚರ ಇರುವುದು ಗೊತ್ತು. ಗುಬ್ಬಿಗೆ ಜ್ವರ ಬಂದ ರಾತ್ರಿ ನೀನು ಬೆಳಗಿನ ಜಾವಕ್ಕೆ ಏಳು.

ಮೊದಲ ಪಾಳಿ ನನ್ನದು.

ಗುಬ್ಬಿಯ ಅಜ್ಜಿ